ಮಾಡಿನ ಮೇಲೆ ಉರುಳಿದ ಮರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಹಳೆಯ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಪುನರ್ವಸು ಮಳೆಯ ಗಾಳಿಗೆ ಹಿತ್ತಿಲಿನ ಅಪ್ಪೆಮಿಡಿ ಮರ ಬೇರುಸಮೇತ ಕಿತ್ತುಕೊಂಡು ಅಡುಗೆಮನೆ ಮತ್ತು ಬಚ್ಚಲುಮನೆಯ ಮಾಡಿನ ಮೇಲೆ ಬಿದ್ದಿದೆ. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಿಲ್ಲ. ನಮ್ಮ ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆಯವರು ಮತ್ತು ಇಬ್ಬರು ಮಕ್ಕಳಿದ್ದೇವೆ. ಕೂಡಲೇ ಕಡಿದು ತೆಗೆಯೋಣವೆಂದು ನೆರೆಯವರು ಹೇಳುತ್ತಾರೆ, ಮಹಜರು ಆಗುವವರೆಗೆ ಮುಟ್ಟಲೇಬಾರದೆಂದು ಇನ್ನು ಕೆಲವರು ಹೇಳುತ್ತಾರೆ. ನಾವು ಏನು ಮಾಡಬೇಕು? ಸರ್ಕಾರದಿಂದ ಪರಿಹಾರ ಸಿಗುತ್ತದೆಯೇ? ಅತ್ತೆಯವರು ಮದುವೆಯಾಗಿ ಬಂದಾಗಲೇ ಫಲ ಕೊಡುತ್ತಿದ್ದ ಮರವಿದು, ಇದರ ತಳಿಯನ್ನಾದರೂ ಉಳಿಸಿಕೊಳ್ಳಲು ದಾರಿಯಿದೆಯೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ತುರ್ತಿನ ನಾಲ್ಕು ಮಾತುಗಳನ್ನು ಫೋನಿನಲ್ಲಿ ತಿಳಿಸಿದ್ದೆ. ಮಲೆನಾಡಿನ ಬೇರೆ ಮನೆಗಳಿಗೂ ಉಪಯೋಗವಾಗಲೆಂದು ಅವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಾಡಿನ ಮೇಲೆ ಮಲಗಿರುವ ಮರವನ್ನು ಬಿದ್ದು ಮುಗಿದ ಮರವೆಂದು ದಯವಿಟ್ಟು ಭಾವಿಸಬೇಡಿ. ಅದರ ಭಾರವನ್ನು ಸದ್ಯಕ್ಕೆ ನಾಲ್ಕಾರು ಪಕಾಸಿಗಳು (ಮಾಡಿನ ಇಳಿಜಾರು ಮರದ ತೊಲೆಗಳು), ಗೋಡೆಯ ತಲೆ ಮತ್ತು ನೆಲಕ್ಕೆ ಒತ್ತಿಕೊಂಡ ಕೊಂಬೆಗಳು ಹಂಚಿಕೊಂಡು ಹೊತ್ತಿರುತ್ತವೆ. ಮಳೆ ಮುಂದುವರಿದಂತೆ ಎಲೆ, ಕೊಂಬೆ, ಗೋಡೆ ಎಲ್ಲವೂ ನೀರು ಕುಡಿದು ಈ ಹೊಂದಾಣಿಕೆ ಯಾವ ಗಳಿಗೆಯಲ್ಲಾದರೂ ತಪ್ಪಬಹುದು. ಮಣ್ಣಿನ ಗೋಡೆಯಂತೂ ಮೇಲಿನಿಂದ ನೀರು ಇಳಿಯತೊಡಗಿದರೆ ಹೊರಗೆ ಗಟ್ಟಿಯಾಗಿ ಕಾಣುತ್ತಲೇ ಒಳಗೆ ಮೆದುವಾಗುತ್ತದೆ. ಆದ್ದರಿಂದ ಅಡುಗೆಮನೆ ಮತ್ತು ಬಚ್ಚಲನ್ನು ಮಾತ್ರವಲ್ಲ, ಅವುಗಳಿಗೆ ತಾಗಿಕೊಂಡ ಕೋಣೆಯನ್ನೂ ಬಿಟ್ಟು, ಮಕ್ಕಳನ್ನೂ ಅತ್ತೆಯವರನ್ನೂ ಮನೆಯ ಇನ್ನೊಂದು ತುದಿಗೆ ಅಥವಾ ನೆಂಟರ ಮನೆಗೆ ಕಳುಹಿಸುವುದು ಮೊದಲ ಕೆಲಸ. ಪಾತ್ರೆ, ಅಕ್ಕಿ ಡಬ್ಬ ತರುತ್ತೇನೆಂದು ಒಳಗೆ ಹೋಗುವುದು ಬೇಡ. ಗ್ಯಾಸ್ ಸಿಲಿಂಡರ್ ಮರದ ಕೆಳಗೇ ಸಿಕ್ಕಿಕೊಂಡು ವಾಸನೆ ಬರುತ್ತಿದ್ದರೆ ಬೆಂಕಿ ಹಚ್ಚದೆ, ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಒಂದು ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಂಬದಿಂದ ಬರುವ ತಂತಿ ಕಡಿದಿದೆ, ಊರಿಗೇ ಕರೆಂಟಿಲ್ಲ, ಹಾಗಾಗಿ ಭಯವಿಲ್ಲ ಎಂದು ಜನ ತಿಳಿಯುತ್ತಾರೆ. ಲೈನು ಯಾವ ಹೊತ್ತಿನಲ್ಲಾದರೂ ಮರಳಿ ಬರಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹೊರಗಿನ ಕರೆಂಟಿಲ್ಲದಿದ್ದಾಗಲೂ ಒದ್ದೆಯಾದ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಬೇರೆಬೇರೆಯಾಗಿ ಬಂದ್ ಮಾಡಬೇಕು. ಅದಕ್ಕಾಗಿ ನೀರಿನಲ್ಲಿ ನಡೆದು ಹೋಗಬೇಕಾಗಿದ್ದರೆ ಹೋಗದೆ 1912ಕ್ಕೆ ಫೋನ್ ಮಾಡಿ ಮೆಸ್ಕಾಂ ಲೈನ್‌ಮನ್ ಬರುವವರೆಗೆ ಕಾಯಬೇಕು. ಮರ ಕಡಿಯುವವರು ಏಣಿ ಹಾಕುವ ಮುನ್ನ ಲೈನ್ ಕಡಿತವಾಗಿದೆ ಎಂಬುದನ್ನು ಲೈನ್‌ಮನ್ ಬಾಯಿಂದಲೇ ಕೇಳಿಕೊಳ್ಳಿ.

ಈಗ ಮಹಜರಿನ ಪ್ರಶ್ನೆಗೆ ಬರೋಣ. ನಿಮ್ಮ ನೆರೆಯವರ ಎರಡೂ ಮಾತುಗಳಲ್ಲಿ ಅರ್ಧರ್ಧ ಸತ್ಯವಿದೆ. ಹಾನಿಯ ಗುರುತು ಉಳಿಯಬೇಕು ಎಂಬುದು ನಿಜ, ಆದರೆ ಅದಕ್ಕಾಗಿ ಮಾಡು ಕುಸಿಯುವವರೆಗೆ ಕಾಯಬೇಕಾಗಿಲ್ಲ. ಮರ ಮುಟ್ಟುವ ಮೊದಲು ಮೊಬೈಲಿನಲ್ಲಿ ದೂರದಿಂದ ಇಡೀ ಮನೆ ಕಾಣುವಂತೆ, ನಾಲ್ಕೂ ದಿಕ್ಕಿನಿಂದ, ಬಳಿಕ ಮುರಿದ ಪಕಾಸಿ, ಬಿರುಕುಬಿಟ್ಟ ಗೋಡೆ, ಕಿತ್ತುಬಂದ ಬೇರಿನವರೆಗೆ ಹತ್ತಿರದಿಂದ ಚಿತ್ರಗಳನ್ನು ತೆಗೆಯಿರಿ. ಬಿರುಕಿನ ಪಕ್ಕ ಅಳತೆಪಟ್ಟಿಯೊಂದನ್ನು ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ಅಂದೇ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೂ ಗ್ರಾಮ ಆಡಳಿತ ಅಧಿಕಾರಿಗೂ ಫೋನಿನಲ್ಲಿ ತಿಳಿಸಿ, ತಹಶೀಲ್ದಾರರ ಹೆಸರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿಕಾರಿಗಳು ಆ ದಿನವೇ ಬರಲಾಗದಿದ್ದರೆ, ಅಪಾಯವಿದ್ದುದರಿಂದ ಮರವನ್ನು ತೆರವು ಮಾಡಲಾಗುತ್ತಿದೆ ಎಂದು ಅರ್ಜಿಯಲ್ಲೇ ಬರೆದು, ನೆರೆಯ ಇಬ್ಬರ ಸಹಿ ಹಾಕಿಸಿ ಕೆಲಸ ಆರಂಭಿಸಬಹುದು. ಒಡೆದ ಹೆಂಚು ಮತ್ತು ಮುರಿದ ಮರಮಟ್ಟನ್ನು ಮಾತ್ರ ಮಹಜರು ಮುಗಿಯುವವರೆಗೆ ಅಂಗಳದ ಮೂಲೆಯಲ್ಲಿ ರಾಶಿ ಹಾಕಿಡಿ.

ಪರಿಹಾರದ ಮೊತ್ತದ ಬಗ್ಗೆ ದೊಡ್ಡ ನಿರೀಕ್ಷೆ ಬೇಡವೆಂದು ನೋವಿನಿಂದಲೇ ಹೇಳಬೇಕಾಗಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ನಿಗದಿಪಡಿಸಿದ ಮಾನದಂಡದಂತೆ, ಪೂರ್ಣ ಹಾಳಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂ., ಗುಡ್ಡಗಾಡು ಪ್ರದೇಶದಲ್ಲಿ 1,30,000 ರೂ. ನಿಗದಿಯಾಗಿತ್ತು. ಭಾಗಶಃ ಹಾನಿಯಾಗಿದ್ದರೆ, ಹಾನಿ ಕನಿಷ್ಠ ಶೇ 15ರಷ್ಟಿರಬೇಕು, ಆಗ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಮಾತ್ರ. ಹೆಂಚು ಮತ್ತು ಆಳಿನ ಕೂಲಿಗೇ ಇದು ಸಾಲದು. ರಾಜ್ಯ ಸರ್ಕಾರ ತನ್ನ ಕಡೆಯಿಂದ ಕೆಲವು ವರ್ಷ ಇದಕ್ಕಿಂತ ಹೆಚ್ಚು ಕೊಟ್ಟದ್ದುಂಟು. 2019ರ ಪ್ರವಾಹದಲ್ಲಿ ಸಂಪೂರ್ಣ ಕುಸಿದ ಮನೆಗೆ 5 ಲಕ್ಷ ರೂ. ಘೋಷಿಸಲಾಗಿತ್ತು. ಹೀಗಿರುವಾಗ ಹಾನಿ ಎಷ್ಟು ಭಾಗವೆಂದು ಎಂಜಿನಿಯರ್ ಬರೆಯುವ ಸಾಲೇ ನಿರ್ಣಾಯಕವಾಗುತ್ತದೆ. ಮಾಡನ್ನಷ್ಟೇ ತೋರಿಸಿ ಸುಮ್ಮನಾಗದೆ, ಗೋಡೆಯ ತಲೆ ಹೊರಕ್ಕೆ ಸರಿದಿದ್ದರೆ ತೂಕದ ಗುಂಡು ಇಳಿಬಿಟ್ಟು ಎಷ್ಟು ಅಂಗುಲ ಸರಿದಿದೆ ಎಂಬುದನ್ನು ಅವರೆದುರೇ ಅಳೆದು ತೋರಿಸಿ. ಇನ್ನೊಂದು ತೊಡಕನ್ನು ಈಗಲೇ ನೋಡಿಕೊಳ್ಳಿ. ನಮ್ಮ ಕಡೆಯ ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇರುತ್ತದೆ. ಪರಿಹಾರ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ಅರ್ಜಿದಾರರ ಹೆಸರು, ಪಂಚಾಯಿತಿಯ ದಾಖಲೆ ಮತ್ತು ಆಧಾರ್ ಹೊಂದಿಕೊಳ್ಳದಿದ್ದರೆ ಹಣ ಅಲ್ಲಿಯೇ ನಿಂತುಬಿಡುತ್ತದೆ.

ಮರ ತೆಗೆಯುವ ಕೆಲಸವನ್ನು ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡಿ ಅನುಭವವಿರುವ ತಂಡಕ್ಕೇ ವಹಿಸಿ. ನೆರೆಯ ಹುಡುಗರು ಎಷ್ಟೇ ಪ್ರೀತಿಯಿಂದ ಗರಗಸ ಹಿಡಿದು ಬಂದರೂ ಬೇಡವೆನ್ನಿ. ಒಂದೂವರೆ ಅಡಿ ದಪ್ಪದ ಹಸಿ ಮಾವಿನ ಕಾಂಡ ಒಂದು ಮೀಟರ್ ಉದ್ದಕ್ಕೇ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ, ಅಂಥ ತುಂಡು ಹಗ್ಗದ ಹಿಡಿತವಿಲ್ಲದೆ ಜಾರಿದರೆ ಉಳಿದ ಮಾಡೂ ಹೋಗುತ್ತದೆ. ಮೊದಲು ತುದಿಯ ಸಣ್ಣ ಕೊಂಬೆಗಳು, ಬಳಿಕ ದೊಡ್ಡ ಟೊಂಗೆಗಳು, ಕೊನೆಗೆ ಕಾಂಡ ಎಂಬ ಕ್ರಮದಲ್ಲಿ, ಪ್ರತಿ ತುಂಡನ್ನೂ ಹಗ್ಗ ಕಟ್ಟಿ ಇಳಿಸಬೇಕು. ಬಾಗಿ ಬಿಗಿದುಕೊಂಡಿರುವ ಕೊಂಬೆ ಬಿಲ್ಲಿನಂತಿರುತ್ತದೆ, ತಪ್ಪು ಬದಿಯಿಂದ ಕೊಯ್ದರೆ ಸಿಡಿದು ಆಳಿಗೇ ಬಡಿಯುತ್ತದೆ. ಬೇರುಸಮೇತ ಎದ್ದ ಬುಡವಂತೂ ಕಾಂಡದ ಭಾರ ಕಡಿದುಹೋದ ಕೂಡಲೇ ಮರಳಿ ತನ್ನ ಗುಂಡಿಗೇ ಧಪ್ಪೆಂದು ಕೂರುವುದುಂಟು. ಆ ಗುಂಡಿಯ ಸುತ್ತ ಮಕ್ಕಳು ಸುಳಿಯದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಲೇಬೇಕು. ಇದೊಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಮರ ತೆರವಾದ ಮೇಲೆ ಟಾರ್ಪಾಲು ಹೊದಿಸುವಾಗ ಅದರ ಮೇಲಂಚು ಮಾಡಿನ ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿನಲ್ಲಿ ನಾಲ್ಕಡಿಯಾದರೂ ಇಳಿದಿರಬೇಕು, ತೂತಾದ ಜಾಗಕ್ಕಷ್ಟೇ ಹಾಸಿದರೆ ಮೇಲಿನಿಂದ ಹರಿದು ಬರುವ ನೀರು ಅದರ ಅಡಿಯಲ್ಲೇ ನುಗ್ಗುತ್ತದೆ. ಅಂಚನ್ನು ರೀಪಿಗೆ ಸುತ್ತಿ, ಮರಳುಚೀಲ ಹೇರಿ ಹಗ್ಗದಿಂದ ಬಿಗಿಯಿರಿ. ಉಳಿದ ಗಟ್ಟಿ ಹೆಂಚುಗಳನ್ನು ಎಸೆಯದೆ ಜೋಡಿಸಿಡಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಲವು ಕಾರ್ಖಾನೆಗಳು ಹುಟ್ಟಿಕೊಂಡವು, ಒಂದರ ಹೆಂಚಿನ ಕಚ್ಚು ಇನ್ನೊಂದರ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ. ಹಳೆಯ ಹೆಂಚುಗಳನ್ನೆಲ್ಲ ಒಂದು ಬದಿಯ ಇಳಿಜಾರಿಗೆ ಒಟ್ಟುಗೂಡಿಸಿ, ಹೊಸವನ್ನು ಇನ್ನೊಂದು ಬದಿಗೆ ಪೂರ್ತಿಯಾಗಿ ಹೊದಿಸಿದರೆ ಸೋರಿಕೆಯ ಕಾಟ ತಪ್ಪುತ್ತದೆ. ಗೋಡೆಯ ಬಿರುಕಿಗೆ ಮಳೆಗಾಲದಲ್ಲಿ ಸಿಮೆಂಟ್ ಗಾರೆ ಮೆತ್ತಿಸಬೇಡಿ, ಅದು ಮಣ್ಣಿನೊಳಗಿನ ನೀರನ್ನು ಹೊರಹೋಗಲು ಬಿಡುವುದಿಲ್ಲ. ಈಗ ಗೂಟ ಕೊಟ್ಟು ನಿಲ್ಲಿಸಿ, ದೀಪಾವಳಿ ಕಳೆದು ಗೋಡೆ ಒಣಗಿದ ಬಳಿಕ ಮಣ್ಣಿನಿಂದಲೇ ದುರಸ್ತಿ ಮಾಡಿಸಿ.

ಅತ್ತೆಯವರ ಮರದ ಬಗ್ಗೆ. ಅಪ್ಪೆಮಿಡಿಯಲ್ಲಿ ಒಂದೊಂದು ಮರದ ಸೊನೆಯ ಪರಿಮಳವೂ ಬೇರೆ, ಬೀಜದಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನೇ ತರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕಸಿಯೊಂದೇ ದಾರಿ, ಅದಕ್ಕೆ ಸಮಯವೂ ಬಹಳವಿಲ್ಲ. ಎಲೆ ಬಾಡುವ ಮೊದಲೇ, ಪೆನ್ಸಿಲ್ ದಪ್ಪದ, ಬಲಿತ, ತುದಿಮೊಗ್ಗು ಉಬ್ಬಿರುವ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಎಲೆಗಳನ್ನು ತೊಟ್ಟಿನವರೆಗೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯಲ್ಲಿ ಕಟ್ಟಿ ಅಂದೇ ಅಥವಾ ಮರುದಿನ ಕಸಿ ಕಟ್ಟುವವರಿಗೆ ತಲುಪಿಸಬೇಕು. ಸಾಗರ, ಹೊಸನಗರದ ಕಡೆ ಅಪ್ಪೆಮಿಡಿ ಕಸಿಯಲ್ಲಿ ಪಳಗಿದ ನರ್ಸರಿಗಳಿವೆ, ಮಳೆಗಾಲದ ತೇವವೂ ಕಸಿಗೆ ಅನುಕೂಲವೇ. ನೀವು ಫೋನಿಟ್ಟ ಮೇಲೆ ಅತ್ತೆಯವರೇ ಕೊಡೆ ಹಿಡಿದು ನಿಂತು ಇಪ್ಪತ್ತು ಕಡ್ಡಿ ಆರಿಸಿ ಕೊಟ್ಟರೆಂದು ತಿಳಿದು ಬಹಳ ಸಂತೋಷವಾಯಿತು.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಗುಲ್‌ಮೊಹರ್ ಮರ ಬಿರುಗಾಳಿಗೆ ಬಿದ್ದು ಪ್ಯಾರಾಪೆಟ್ ಗೋಡೆ, ಸೋಲಾರ್ ವಾಟರ್ ಹೀಟರ್ ಹಾಳಾಗಿವೆ. ಗೃಹಸಾಲ ಪಡೆಯುವಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿದ್ದರು. ಮರ ಬಿದ್ದ ನಷ್ಟ ಅದರಲ್ಲಿ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಮೊದಲು ಪಾಲಿಸಿಯ ಹೆಸರನ್ನು ನೋಡಿ. ಸಾಲದೊಂದಿಗೆ ಬರುವ ಕೆಲವು ವಿಮೆಗಳು ಸಾಲಗಾರರ ಜೀವಕ್ಕೆ ಸಂಬಂಧಿಸಿದವು, ಕಟ್ಟಡಕ್ಕಲ್ಲ. ಅದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಾಗಿದ್ದರೆ ಬಿರುಗಾಳಿಯ ಹಾನಿಯೂ, ಮರ ಬಿದ್ದು ಆಗುವ ಹಾನಿಯೂ ಅದರೊಳಗೆ ಸೇರಿವೆ. ಅವಶೇಷ ತೆರವಿನ ವೆಚ್ಚವನ್ನು ಕ್ಲೇಮಿನ ಶೇ 2ರವರೆಗೆ, ಎಂಜಿನಿಯರ್ ಶುಲ್ಕವನ್ನು ಶೇ 5ರವರೆಗೆ ಕೇಳಬಹುದು. ವಿಮಾ ಕಂಪನಿಗೆ ಇಂದೇ ಲಿಖಿತವಾಗಿ ತಿಳಿಸಿ, ಸರ್ವೇಯರ್ ನೋಡುವವರೆಗೆ ಹೀಟರನ್ನು ಗುಜರಿಗೆ ಹಾಕಬೇಡಿ. ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪ್ರಶ್ನೆ: ಪಕ್ಕದ ತೋಟದವರ ಎರಡು ಸಿಲ್ವರ್ ಮರಗಳು ನಮ್ಮ ಮನೆಯತ್ತ ವಾಲಿವೆ. ಹೋದ ವರ್ಷ ಒಂದು ಕೊಂಬೆ ಬಿದ್ದು ದನದ ಕೊಟ್ಟಿಗೆಯ ಶೀಟು ಒಡೆದಿತ್ತು. ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡುವುದು?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಬೇಸರವಾದರೂ ಹೇಳಲೇಬೇಕು, ಅದೂ ಬರಹದಲ್ಲಿ. ಗಟ್ಟಿಯಾದ ಮರ ಅಸಾಧಾರಣ ಗಾಳಿಗೆ ಉರುಳಿದರೆ ಅದನ್ನು ದೈವಕೃತವೆಂದು ನೋಡುತ್ತಾರೆ, ಮಾಲೀಕರ ಮೇಲೆ ಹೊಣೆ ಹೊರಿಸುವುದು ಕಷ್ಟ. ಆದರೆ ಮರ ಅಪಾಯಕಾರಿಯಾಗಿದೆ ಎಂದು ಮೊದಲೇ ತಿಳಿಸಿಯೂ ಅವರು ಸುಮ್ಮನಿದ್ದರೆ ಅದು ನಿರ್ಲಕ್ಷ್ಯವಾಗುತ್ತದೆ. ನಿಮ್ಮ ಪತ್ರವೇ ಮುಂದೆ ಆಧಾರ. ಮರಗಳ ವಾಲಿಕೆ, ಬುಡದ ಮಣ್ಣಿನ ಬಿರುಕು, ಒಡೆದ ಶೀಟು ಇವುಗಳ ಚಿತ್ರಗಳನ್ನು ಜೊತೆಗಿಟ್ಟು, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಪಂಚಾಯಿತಿಗೆ ಪ್ರತಿ ಕೊಡಿ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಮರಕ್ಕೆ ಅನುಮತಿಯಿಂದ ವಿನಾಯಿತಿಯಿದೆ. ಬೇರೆ ಜಾತಿಯ ಮರವಾದರೂ ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಅನುಮತಿಯನ್ನು ನಿರಾಕರಿಸುವಂತಿಲ್ಲ.

ಇಷ್ಟಾದರೂ ಅವರು ಅಲುಗಾಡದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿ. ಬಿದ್ದು ಅಪಾಯ ತರಬಹುದಾದ ಮರವನ್ನು ತೆಗೆಯುವಂತೆ ಅಥವಾ ಆಧಾರ ಕೊಡುವಂತೆ ಷರತ್ತಿನ ಆದೇಶ ಹೊರಡಿಸುವ ಅಧಿಕಾರ ಅವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು ಇದೇ. ಅಲ್ಲಿಗೆ ಹೋಗುವ ಮುನ್ನ ಒಮ್ಮೆ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಕಡಿಯುವ ಕೂಲಿಯಲ್ಲಿ ಅರ್ಧ ನಾವು ಕೊಡುತ್ತೇವೆ, ನಾಟಾ ಎಲ್ಲ ನಿಮಗೇ ಇರಲಿ ಎಂದು ಕೇಳಿ ನೋಡಿ. ನಾನು ಕಂಡ ಇಂಥ ಹಲವು ಜಗಳಗಳು ಆ ಮಾತಿಗೆ ತೀರಿವೆ. ಮಾತು ತೀರುವವರೆಗೆ ದನಗಳನ್ನು ಕೊಟ್ಟಿಗೆಯ ಆ ಬದಿಯಲ್ಲಿ ಕಟ್ಟಬೇಡಿ.