ಟ್ರಂಕಿನ ನೋಟು, ಗೋವಾದ ಚಿಪ್: ಯಾವುದಕ್ಕೆ ಎಷ್ಟು ಬೆಲೆ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ತೀರಿಹೋದ ಅಜ್ಜನವರ ಟ್ರಂಕಿನಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಹಣವಾಗಿದ್ದ ಹಾಲಿ ಸಿಕ್ಕಾದ ನೂರು ರೂಪಾಯಿಯ ಒಂದು ನೋಟು, ರದ್ದಾದ ಸಾವಿರ ರೂಪಾಯಿಯ ಎಂಟು ನೋಟುಗಳು ಮತ್ತು ಎರಡು ಸಾವಿರ ರೂಪಾಯಿಯ ಮೂರು ನೋಟುಗಳು ಸಿಕ್ಕಿವೆ. ನಮ್ಮ ಭಾವನವರು ಗೋವಾದ ಕ್ಯಾಸಿನೊದಿಂದ ತಂದ 5000 ರೂಪಾಯಿಯ ಚಿಪ್ (ಜೂಜಿನ ಆಟದಲ್ಲಿ ಹಣದ ಬದಲು ಬಳಸುವ ಬಿಲ್ಲೆ) ಕೂಡ ಮನೆಯಲ್ಲಿದೆ. ಇವುಗಳಲ್ಲಿ ಯಾವುದನ್ನು ಹಣವಾಗಿ ಬದಲಾಯಿಸಿಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಬಳಿ ಇರುವ ನಾಲ್ಕೂ ಬಗೆಯ ವಸ್ತುಗಳು ಒಂದು ಅರ್ಥದಲ್ಲಿ ಸಾಲಪತ್ರಗಳೇ. ಹೊರಡಿಸಿದವರು ಯಾರು, ಯಾರಿಗೆ ಕೊಡಲು ಒಪ್ಪಿದ್ದಾರೆ, ಎಲ್ಲಿಯವರೆಗೆ ಕೊಡುತ್ತಾರೆ ಎಂಬುದನ್ನು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಕೇಳಬೇಕು. ಮೇಲೆ ಮುದ್ರಿಸಿದ ಅಂಕಿಯೊಂದನ್ನೇ ನೋಡಿ ಲೆಕ್ಕ ಹಾಕಿದವರು ಮೋಸ ಹೋಗುತ್ತಾರೆ.

ಮೊದಲು ತುರ್ತಿನದನ್ನು ಹೇಳುತ್ತೇನೆ. ಎರಡು ಸಾವಿರದ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ 2023ರ ಮೇ 19ರಂದು ಪ್ರಕಟಿಸಿತೇ ಹೊರತು ಅದನ್ನು ರದ್ದು ಮಾಡಲಿಲ್ಲ. ಅದರ ಕಾನೂನುಬದ್ಧ ಮಾನ್ಯತೆ ಉಳಿದಿದೆ. ಊರಿನ ಬ್ಯಾಂಕುಗಳಲ್ಲಿ ಬದಲಾಯಿಸುವ ಅವಕಾಶ 2023ರ ಅಕ್ಟೋಬರ್ 7ಕ್ಕೆ ಮುಗಿದಿದ್ದರೂ, ರಿಸರ್ವ್ ಬ್ಯಾಂಕಿನ 19 ವಿತರಣಾ ಕಚೇರಿಗಳಿಗೆ ಅದನ್ನು ಒಪ್ಪಿಸುವ ವ್ಯವಸ್ಥೆ ಮಾಡಲಾಯಿತು. ಬೆಂಗಳೂರು ಮತ್ತು ಹೈದರಾಬಾದ್ ಎರಡರಲ್ಲೂ ಅಂತಹ ಕಚೇರಿಗಳಿದ್ದು, ನಿಮಗೆ ಹೈದರಾಬಾದೇ ಹತ್ತಿರ. ಹೋಗಲಾಗದಿದ್ದರೆ ಅಂಚೆಯ ಮೂಲಕ ಕಳುಹಿಸಿ ಖಾತೆಗೆ ಜಮಾ ಮಾಡಿಸಿಕೊಳ್ಳಬಹುದು. ಈ ಆರು ಸಾವಿರ ರೂಪಾಯಿ ನಿಮ್ಮದೇ, ತಡ ಮಾಡಬೇಡಿ.

ಸಾವಿರದ ನೋಟುಗಳ ಮಾತು ಬೇರೆ. ಅವುಗಳ ಮೇಲೆ ಗಾಂಧೀಜಿಯವರ ಚಿತ್ರವಿದ್ದರೆ ಅವು 2000ನೇ ಇಸವಿಯಿಂದ ಚಲಾವಣೆಗೆ ಬಂದು 2016ರ ನವೆಂಬರ್ 8ರಂದು ರದ್ದಾದವು. 2017ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಆ ನೋಟುಗಳ ಬಗ್ಗೆ ರಿಸರ್ವ್ ಬ್ಯಾಂಕಿಗಿದ್ದ ಹೊಣೆಯನ್ನೇ ಕೊನೆಗೊಳಿಸಿತು. ಎಂದರೆ ಸಾಲಗಾರನೇ ಇಲ್ಲದ ಸಾಲಪತ್ರ ನಿಮ್ಮ ಕೈಯಲ್ಲಿದೆ. ಐನೂರು, ಸಾವಿರ ಎರಡೂ ಸೇರಿ ಹತ್ತು ನೋಟುಗಳನ್ನು ಯಾರಾದರೂ ಇಟ್ಟುಕೊಳ್ಳಬಹುದು, ಅಧ್ಯಯನ ಅಥವಾ ನಾಣ್ಯಸಂಗ್ರಹಕ್ಕಾಗಿ 25ರವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಹತ್ತು ಸಾವಿರ ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ವಿಧಿಸಬಹುದು. ನಿಮ್ಮ ಎಂಟು ನೋಟುಗಳಿಗೆ ಅಡ್ಡಿಯಿಲ್ಲ, ಆದರೆ ಕಾಯ್ದೆಯು ಅವುಗಳ ಕೊಡುಕೊಳ್ಳುವಿಕೆಯನ್ನೂ ನಿಷೇಧಿಸಿರುವುದರಿಂದ ಮಾರಲು ಹೋಗಬೇಡಿ.

ಒಮ್ಮೆ ನೋಟನ್ನು ತಿರುಗಿಸಿ ನೋಡಿ. ತಂಜಾವೂರಿನ ಬೃಹದೀಶ್ವರ ದೇವಾಲಯದ ಚಿತ್ರವಿದ್ದರೆ ಅದು 1954ರಿಂದ ಚಲಾವಣೆಯಲ್ಲಿದ್ದು, 1978ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಐದು ಸಾವಿರ ಮತ್ತು ಹತ್ತು ಸಾವಿರದ ನೋಟುಗಳೊಂದಿಗೆ ರದ್ದು ಮಾಡಿದ ಸಾವಿರದ ನೋಟು. ಅದಕ್ಕೆ 2017ರ ಕಾಯ್ದೆಯ ಮಿತಿ ಅನ್ವಯಿಸುವುದಿಲ್ಲ, ಸಂಗ್ರಾಹಕರಲ್ಲಿ ಒಳ್ಳೆಯ ಬೇಡಿಕೆಯೂ ಇದೆ. 1946ರಲ್ಲೂ ಐನೂರು, ಸಾವಿರ, ಹತ್ತು ಸಾವಿರದ ನೋಟುಗಳು ಹೀಗೆಯೇ ರದ್ದಾಗಿದ್ದವು. ಕಡಿಮೆ ಜಾಗದಲ್ಲಿ ಹೆಚ್ಚು ಹಣವನ್ನು ಬಚ್ಚಿಡಲು ಅನುಕೂಲವಾಗುವ ದೊಡ್ಡ ನೋಟಿನ ಮೇಲೆ ಸರ್ಕಾರಗಳ ಕಣ್ಣು ಮೊದಲು ಬೀಳುತ್ತದೆ. ಅಮೆರಿಕ ಮಾತ್ರ ಬೇರೆ ದಾರಿ ಹಿಡಿಯಿತು: 1969ರಲ್ಲಿ ಐನೂರರಿಂದ ಹತ್ತು ಸಾವಿರ ಡಾಲರಿನವರೆಗಿನ ನೋಟುಗಳ ವಿತರಣೆಯನ್ನು ನಿಲ್ಲಿಸಿದರೂ ಅವುಗಳ ಮಾನ್ಯತೆಯನ್ನು ಉಳಿಸಿಕೊಂಡಿತು. ಲಾಸ್ ವೇಗಾಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಹತ್ತು ಸಾವಿರ ಡಾಲರಿನ ನೂರು ನೋಟುಗಳನ್ನು ದಶಕಗಳ ಕಾಲ ಪ್ರದರ್ಶನಕ್ಕಿಟ್ಟಿದ್ದರು. ಬಂದವರು ಆ ಹತ್ತು ಲಕ್ಷ ಡಾಲರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮುಂದೆ ಅವು ಸಂಗ್ರಾಹಕರ ಪಾಲಾದವು. ಬ್ಯಾಂಕಿಗೆ ಕೊಟ್ಟರೆ ಮುಖಬೆಲೆ ಮಾತ್ರ ಸಿಗುತ್ತದೆ, ಸಂಗ್ರಾಹಕರು ಅದರ ಹಲವು ಪಟ್ಟು ಕೊಡುತ್ತಾರೆ.

ಈಗ ಚಿಪ್. ನೋಟಿನ ಹಿಂದೆ ದೇಶವೇ ನಿಂತಿದ್ದರೆ, ಚಿಪ್‌ನ ಹಿಂದೆ ಇರುವುದು ಒಂದು ಸಂಸ್ಥೆಯ ಗಲ್ಲಾಪೆಟ್ಟಿಗೆ ಮಾತ್ರ. ಚಿಪ್ ಎಂಬುದು ಕ್ಯಾಸಿನೊ ಆಟಗಾರನಿಗೆ ಕೊಡಬೇಕಾದ ಸಾಲದ ಗುರುತು, ಆ ಬಿಲ್ಲೆಯ ಒಡೆತನ ಕ್ಯಾಸಿನೊದ್ದೇ ಎಂದು ಅಮೆರಿಕದ ನೆವಾಡ ರಾಜ್ಯದ ನಿಯಮಗಳು ಹೇಳುತ್ತವೆ. 2010ರ ಡಿಸೆಂಬರಿನಲ್ಲಿ ಲಾಸ್ ವೇಗಾಸ್‌ನ ಬೆಲ್ಲಾಜಿಯೊ ಕ್ಯಾಸಿನೊಗೆ ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಬಂದವನೊಬ್ಬ ಪಿಸ್ತೂಲು ತೋರಿಸಿ ಸುಮಾರು 15 ಲಕ್ಷ ಡಾಲರ್ ಮೌಲ್ಯದ ಚಿಪ್‌ಗಳನ್ನು ದೋಚಿದ. ಕ್ಯಾಸಿನೊ ಮಾಡಿದ್ದಿಷ್ಟೇ: ತನ್ನ 25,000 ಡಾಲರಿನ ಚಿಪ್‌ಗಳನ್ನು ಬಳಕೆಯಿಂದ ತೆಗೆಯುವುದಾಗಿ ಘೋಷಿಸಿ, ಹಿಂದಿರುಗಿಸಲು 2011ರ ಏಪ್ರಿಲ್‌ವರೆಗೆ ಗಡುವು ಕೊಟ್ಟಿತು. ಅಷ್ಟು ದೊಡ್ಡ ಚಿಪ್‌ಗಳು ಬೆರಳೆಣಿಕೆಯ ಜನರ ಬಳಿ ಮಾತ್ರ ಇರುತ್ತವೆ, ಅವರು ಯಾರೆಂಬುದೂ ಕ್ಯಾಸಿನೊಗೆ ಗೊತ್ತಿರುತ್ತದೆ. ಹೀಗಾಗಿ ದೋಚಿದ ಚಿಪ್‌ಗಳನ್ನು ಹೊರಗೆ ಮಾರಲು ಯತ್ನಿಸುವುದೊಂದೇ ಅವನಿಗೆ ಉಳಿದ ದಾರಿಯಾಯಿತು, ಅಲ್ಲಿಯೇ ಅವನು ಮಾರುವೇಷದ ಪೊಲೀಸರ ಕೈಗೆ ಸಿಕ್ಕಿಬಿದ್ದ. ಸರ್ಕಾರವೊಂದು ನೋಟು ರದ್ದು ಮಾಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ನಿಮ್ಮ ಚಿಪ್‌ಗೆ ಊರಿನ ಅಂಗಡಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಬೆಲೆಯಿಲ್ಲ. ಅದನ್ನು ಕೊಟ್ಟ ಕ್ಯಾಸಿನೊದ ಹೆಸರು ಅದರ ಮೇಲಿರುತ್ತದೆ. ಆ ಕ್ಯಾಸಿನೊ ನಡೆಯುತ್ತಿದ್ದು ಅದೇ ವಿನ್ಯಾಸವನ್ನು ಬಳಸುತ್ತಿದ್ದರೆ ಮಾತ್ರ ಅಲ್ಲಿ ಹಣ ಕೇಳಬಹುದು. ಭಾವನವರು ಮತ್ತೆ ಗೋವಾಕ್ಕೆ ಹೋಗುವವರಿದ್ದರೆ ಅವರ ಕೈಯಲ್ಲಿಯೇ ಕಳುಹಿಸಿ. ಆಟಕ್ಕೆ ಬಳಸುವ ಚಿಪ್, ಹಣವಾಗಿ ಬದಲಾಗದ ಉಚಿತ ಚಿಪ್ ಎಂಬ ಎರಡು ಬಗೆಗಳಿರುವುದರಿಂದ, ಅದು ಯಾವುದೆಂದು ಮೊದಲು ಅವರನ್ನೇ ಕೇಳುವುದು ಲೇಸು.

ನಾಲ್ಕರಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಹಾಲಿ ಸಿಕ್ಕಾ ನೋಟು. 1918ರಿಂದ ಹೈದರಾಬಾದ್ ಸಂಸ್ಥಾನ ತನ್ನದೇ ಕಾಗದದ ಹಣವನ್ನು ಹೊರಡಿಸಿತು. ಶಾಲೆ, ಕಚೇರಿಗಳಲ್ಲೆಲ್ಲ ಉರ್ದುವೇ ಮೇಲಾಗಿದ್ದ ಆ ಆಳ್ವಿಕೆಯಲ್ಲೂ ನೋಟಿನ ಬೆಲೆಯನ್ನು ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮುದ್ರಿಸಲಾಗುತ್ತಿತ್ತು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ರೈತನ ಕೈಗೆ ಬಂದ ಸರ್ಕಾರಿ ಕಾಗದಗಳಲ್ಲಿ ಅವನು ಓದಬಹುದಾಗಿದ್ದ ಕೆಲವೇ ಅಕ್ಷರಗಳಲ್ಲಿ ಅವೂ ಸೇರಿದ್ದವು. 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ ಈ ಹಣ ಕೂಡಲೇ ಹೋಗಲಿಲ್ಲ. ಏಳು ಹಾಲಿ ಸಿಕ್ಕಾ ರೂಪಾಯಿಗೆ ಆರು ಭಾರತೀಯ ರೂಪಾಯಿ, ಅಂದರೆ ಆರು ಕಲ್ದಾರ ಎಂಬ ದರದಲ್ಲಿ ಎರಡೂ ಜೊತೆಯಾಗಿ ಓಡಾಡಿ, 1959ರಲ್ಲಿ ಹಾಲಿ ಸಿಕ್ಕಾ ಪೂರ್ತಿ ಅಮಾನ್ಯವಾಯಿತು.

ಇಂದು ಅದಕ್ಕೆ ಸಂಗ್ರಹದ ಬೆಲೆ ಮಾತ್ರವಿದೆ, ಅದು ಕಡಿಮೆಯೇನಲ್ಲ. ಆ ಬೆಲೆ ನೋಟಿನ ಸ್ಥಿತಿ ಮತ್ತು ಅದರ ಮೇಲಿನ ಅಧಿಕಾರಿಯ ಸಹಿ ಇವೆರಡನ್ನೂ ಅವಲಂಬಿಸಿರುತ್ತದೆ. ದಯವಿಟ್ಟು ಅದನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಹರಿದ ಕಡೆ ಅಂಟುಪಟ್ಟಿ ಹಚ್ಚಿದರೆ ಅದರ ಅಂಟು ಕಾಗದಕ್ಕೆ ಇಳಿದು ಕಲೆಯಾಗುತ್ತದೆ. ಪಿವಿಸಿ ಚೀಲ ಬೇಡ, ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ಮಡಿಚದೆ ಇಟ್ಟು, ನಮ್ಮ ಕಡೆಯ ಬೇಸಿಗೆಯಲ್ಲಿ ಕಾದ ತಗಡಿನ ಟ್ರಂಕಿನಿಂದ ತೆಗೆದು ತಂಪಾದ, ಒಣ ಜಾಗದಲ್ಲಿಡಿ. ಮಾರುವ ತುರ್ತಿಲ್ಲದಿದ್ದರೆ ಮನೆಯಲ್ಲೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಟ್ರ್ಯಾಕ್ಟರ್ ಚಿತ್ರದ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುವುದಾಗಿ ಫೋನ್ ಬಂದಿದೆ, ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ನಂಬಬಹುದೇ? (ಭಾಲ್ಕಿಯ ಓದುಗರು)

ಉತ್ತರ: ನಂಬಬೇಡಿ. ಆ ನೋಟು ಅಸಂಖ್ಯವಾಗಿ ಮುದ್ರಣವಾಗಿದ್ದು, ಸಾಮಾನ್ಯ ಸ್ಥಿತಿಯದಕ್ಕೆ ಹೆಚ್ಚಿನ ಬೆಲೆ ಬರುವುದಿಲ್ಲ. ತನ್ನ ಹೆಸರಿನಲ್ಲಿ ಹಳೆಯ ನೋಟು, ನಾಣ್ಯಗಳ ವ್ಯವಹಾರ ನಡೆಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ನೀಡಿ, ಅಂತಹ ಕೆಲಸಕ್ಕೆ ತಾನು ಯಾರನ್ನೂ ನೇಮಿಸಿಲ್ಲ ಎಂದು ತಿಳಿಸಿದೆ. ನಿಜವಾದ ವ್ಯಾಪಾರಿ ನೋಟನ್ನು ಕೈಯಲ್ಲಿ ಹಿಡಿದು ನೋಡಿ ಹಣ ಕೊಡುತ್ತಾನೆ, ಮಾರುವವರಿಂದ ಮುಂಗಡ ಕೇಳುವುದಿಲ್ಲ. ಈಗಾಗಲೇ ಹಣ ಕಳುಹಿಸಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವ್ಯವಹಾರದ ಸಂಖ್ಯೆಯನ್ನು ಕೊಡಿ.