ಆನ್‌ಲೈನ್ ಸಮುದಾಯವೊಂದು ಸ್ವತಂತ್ರ ದೇಶವಾಗಬಲ್ಲದೇ?

ಅಂತರ್ಜಾಲದಲ್ಲಿ ಒಂದುಗೂಡಿದ ಜನ ತಮ್ಮದೇ ಸ್ವತಂತ್ರ ದೇಶವನ್ನು ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದೇಶವೆಂದು ಘೋಷಿಸಿಕೊಳ್ಳುವುದು ಸುಲಭ. ಉಳಿದ ದೇಶಗಳಿಂದ ಹಾಗೆಂದು ಒಪ್ಪಿಸಿಕೊಳ್ಳುವುದು ಈಗಿನ ವ್ಯವಸ್ಥೆಯಲ್ಲಿ ಅಸಾಧ್ಯಕ್ಕೆ ತೀರಾ ಹತ್ತಿರದ ಮಾತು ಎಂಬುದು ನನ್ನ ಅಭಿಪ್ರಾಯ.

1933ರ ಮಾಂಟೆವಿಡಿಯೊ ಒಪ್ಪಂದವು ದೇಶವೊಂದಕ್ಕೆ ಕಾಯಂ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ ಹಾಗೂ ಇತರ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ ಇರಬೇಕೆಂದು ಹೇಳುತ್ತದೆ. ಶಿಸ್ತಿನ ಸಮುದಾಯವೊಂದು ಚುನಾವಣೆ ನಡೆಸಬಹುದು, ನಿಧಿ ಕೂಡಿಸಬಹುದು, ಸದಸ್ಯರ ವ್ಯಾಜ್ಯಗಳನ್ನೂ ತೀರ್ಮಾನಿಸಬಹುದು. ಅದು ಎಡವುವುದು ನೆಲದ ಪ್ರಶ್ನೆಯಲ್ಲಿ. ಸಮುದ್ರದ ಮೇಲೆ ಕಟ್ಟೆ ಕಟ್ಟಿ ನೆಲೆಸೋಣವೆಂದರೆ, ಕೃತಕ ದ್ವೀಪಗಳಿಗೆ ದ್ವೀಪದ ಸ್ಥಾನಮಾನವಿಲ್ಲವೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಸ್ಪಷ್ಟವಾಗಿಯೇ ಹೇಳಿದೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉದಾಹರಣೆ ಲಿಬರ್‌ಲ್ಯಾಂಡ್. ಕ್ರೊಯೇಷಿಯಾ ಮತ್ತು ಸರ್ಬಿಯಾ ದೇಶಗಳ ನಡುವೆ ಹರಿಯುವ ಡ್ಯಾನ್ಯೂಬ್ ನದಿಯ ಪಶ್ಚಿಮ ದಂಡೆಯಲ್ಲಿ ಗೋರ್ನ್ಯಾ ಸಿಗಾ ಎಂಬ, ಸುಮಾರು 7 ಚದರ ಕಿಲೋಮೀಟರ್ ವಿಸ್ತೀರ್ಣದ ಕಾಡುಭೂಮಿಯಿದೆ. ಅದು ತನ್ನದೆಂದು ಒಪ್ಪಿದರೆ ನದಿಯೇ ಗಡಿಯೆಂದು ಒಪ್ಪಿದಂತಾಗಿ, ಪೂರ್ವ ದಂಡೆಯಲ್ಲಿ ತಾನು ಕೇಳುತ್ತಿರುವ ಇನ್ನೂ ದೊಡ್ಡ ಭೂಮಿ ಕೈತಪ್ಪುತ್ತದೆಂದು ಕ್ರೊಯೇಷಿಯಾ ಅದನ್ನು ತನ್ನದೆನ್ನುವುದಿಲ್ಲ. ಸರ್ಬಿಯಾ ಕೂಡ ಹಕ್ಕು ಸಾಧಿಸಿಲ್ಲ. ಜೆಕ್ ದೇಶದ ರಾಜಕಾರಣಿ ವೀಟ್ ಯೆಡ್ಲಿಚ್ಕಾ 2015ರ ಏಪ್ರಿಲ್‌ನಲ್ಲಿ ಅಲ್ಲಿ ಬಾವುಟ ನೆಟ್ಟು ಲಿಬರ್‌ಲ್ಯಾಂಡ್ ಎಂಬ ಹೊಸ ದೇಶವನ್ನು ಘೋಷಿಸಿದಾಗ, ಪೌರತ್ವ ಕೋರಿ ಆನ್‌ಲೈನಿನಲ್ಲಿ ಲಕ್ಷಾಂತರ ಅರ್ಜಿಗಳು ಬಂದವು. ಆದರೆ ಮರುತಿಂಗಳೇ ಆ ನೆಲಕ್ಕೆ ಕಾಲಿಡಲು ಹೋದ ಅವರನ್ನು ಕ್ರೊಯೇಷಿಯಾದ ಪೊಲೀಸರು ಬಂಧಿಸಿದರು. ಯಾರೂ ತಮ್ಮದೆನ್ನದ ನೆಲದಲ್ಲಿಯೂ ಪೊಲೀಸರು ಇದ್ದರು ಎಂಬುದನ್ನು ದಯವಿಟ್ಟು ಗಮನಿಸಿ.

ಹಾಗೆಂದು ನೆಲವೊಂದೇ ಸಾಲದು. 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದೆನೆಂದು ಘೋಷಿಸಿಕೊಂಡ ಸೊಮಾಲಿಲ್ಯಾಂಡಿಗೆ ತನ್ನದೇ ನೆಲ, ಸರ್ಕಾರ, ಸೈನ್ಯ, ನಾಣ್ಯ ಎಲ್ಲವೂ ಇದ್ದರೂ ವಿಶ್ವಸಂಸ್ಥೆಯ ಸದಸ್ಯತ್ವ ದೊರೆತಿಲ್ಲ. ಆ ಸದಸ್ಯತ್ವಕ್ಕೆ ಭದ್ರತಾ ಮಂಡಳಿಯ ಶಿಫಾರಸು ಬೇಕು, ಅಲ್ಲಿ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿರೋಧಿಸಿದರೂ ವಿಷಯ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಆಳಲು ನೆಲವೇ ಇಲ್ಲದ ಮಾಲ್ಟಾ ಆರ್ಡರ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಸ್ಥೆ ನೂರಕ್ಕೂ ಹೆಚ್ಚು ದೇಶಗಳೊಡನೆ ರಾಜತಾಂತ್ರಿಕ ಸಂಬಂಧ ಹೊಂದಿದೆ. ಆದರೆ ಅದು 1798ರವರೆಗೆ ಮಾಲ್ಟಾ ದ್ವೀಪವನ್ನು ಆಳಿದ್ದ ಸಂಸ್ಥೆ. ಹೊಸ ಸಮುದಾಯಕ್ಕೆ ಅಂಥ ಇತಿಹಾಸವನ್ನು ಯಾರೂ ಎರವಲು ಕೊಡಲಾರರು.

ನನಗೆ ನಿಜವಾಗಿ ಭರವಸೆ ಹುಟ್ಟಿಸುವುದು ಟುವಾಲು. ಏರುತ್ತಿರುವ ಸಮುದ್ರದ ಭೀತಿಯಲ್ಲಿರುವ ಆ ದ್ವೀಪರಾಷ್ಟ್ರವು, ಭೂಮಿ ಕಳೆದುಕೊಂಡರೂ ತನ್ನ ರಾಷ್ಟ್ರತ್ವ ಶಾಶ್ವತವಾಗಿ ಮುಂದುವರಿಯುತ್ತದೆಂದು 2023ರಲ್ಲಿ ಸಂವಿಧಾನದಲ್ಲೇ ಸೇರಿಸಿಕೊಂಡಿದೆ. ಈ ನಿಲುವನ್ನು ಹೆಚ್ಚು ದೇಶಗಳು ಮಾನ್ಯ ಮಾಡಿದರೆ ನೆಲಕ್ಕೂ ದೇಶಕ್ಕೂ ಇರುವ ಗಂಟು ಸ್ವಲ್ಪ ಸಡಿಲವಾದೀತು, ಆದರೆ ಅದರ ಲಾಭ ಮೊದಲು ಸಿಗಬೇಕಾದದ್ದು ಊರು ಮುಳುಗುತ್ತಿರುವ ಜನರಿಗೆ.

ನಿಮ್ಮ ಸಮುದಾಯಕ್ಕೆ ಬೇಕಿರುವುದು ಒಟ್ಟಾಗಿ ದುಡಿಯುವ, ಹಣ ಕೂಡಿಸುವ, ನಿರ್ಧಾರ ಕೈಗೊಳ್ಳುವ ಅಧಿಕಾರವಾದರೆ, ಇರುವ ದೇಶವೊಂದರ ಕಾನೂನಿನಡಿ ಸಹಕಾರಿ ಸಂಘವನ್ನು ನೋಂದಾಯಿಸಿಕೊಂಡು ಇವತ್ತೇ ಅದನ್ನು ಪಡೆಯಬಹುದು. ಪೌರತ್ವ ಮಾರುವ ಸ್ವಘೋಷಿತ ದೇಶಗಳಿಗೆ ಹಣ ಕೊಡುವ ಮುನ್ನ ಎಚ್ಚರವಿರಲಿ, ಮತ್ತು ಅವುಗಳನ್ನು ನಂಬಿ ಈಗಿರುವ ಪೌರತ್ವವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಯಾವ ದೇಶಕ್ಕೂ ಸೇರದವರಿಗೆ ಗಡಿ ದಾಟುವುದು, ಬ್ಯಾಂಕ್ ಖಾತೆ ತೆರೆಯುವುದು, ಹುಟ್ಟಿದ ಮಗುವಿನ ಹೆಸರು ನೋಂದಾಯಿಸುವುದು ಕೂಡ ಕಷ್ಟವಾಗುತ್ತದೆ.