ಸೊಂಟನೋವಿಗೆ ಮೊದಲ ಸಲ ಆಸ್ಟಿಯೋಪತಿಗೆ ಹೋಗುತ್ತಿದ್ದೇನೆ, ಏನು ತಿಳಿದಿರಬೇಕು?

ಎಂಟು ತಿಂಗಳಿಂದ ಸೊಂಟನೋವು, ತುಂಬ ಹೊತ್ತು ಕೂತರೆ ಎಡಗಾಲಿನ ಹೆಬ್ಬೆರಳ ಹತ್ತಿರ ಜೋಮು, ಆಫೀಸಿನವರೊಬ್ಬರು ಹೇಳಿದರು ಅಂತ ಬರುವ ಶನಿವಾರ ಜಯನಗರದಲ್ಲಿ ಅಪಾಯಿಂಟ್‌ಮೆಂಟ್ ತಗೊಂಡಿದ್ದೀರಿ, ಹೋಗುವ ಮುಂಚೆ ಏನು ತಿಳಿದಿರಬೇಕು ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಫಿಸಿಯೋ ಕೂಡ ಅಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಹದಿನಾರು ವರ್ಷ ಕೂತು ಬೆನ್ನುನೋವು ಬಂದವಳು. ಆಸ್ಟಿಯೋಪತಿ ಅಂದರೆ ಕೈಯಿಂದಲೇ ಕೀಲು, ಸ್ನಾಯು ಸಡಿಲಿಸುವ ಚಿಕಿತ್ಸೆ. ಮೊದಲು ನಾನು ಅದನ್ನು ಮಾಡಿಸಿಕೊಂಡೆ, ಆಮೇಲೆ ಅಮ್ಮನನ್ನೂ ಕರಕೊಂಡು ಹೋದೆ. ನಿಮಗೆ ನನ್ನದಕ್ಕಿಂತ ಅಮ್ಮನ ಅನುಭವವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದನ್ನೇ ಮೊದಲು ಹೇಳುತ್ತೇನೆ.

ಅಮ್ಮನಿಗೆ ಆಗ 67. ಹನುಮಂತನಗರದ ಮನೆಯಲ್ಲಿ ನೀರಿನ ಬಕೆಟ್ ಎತ್ತುವಾಗ ನಡುಬೆನ್ನಿನಲ್ಲಿ ಚಳುಕು ಹಿಡಿಯಿತು. ಒಂದು ವಾರ ಕಳೆದರೂ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ನನಗೆ ಗುಣವಾಗಿತ್ತಲ್ಲ, ಅದೇ ಧೈರ್ಯದಲ್ಲಿ ನನ್ನ ಆಸ್ಟಿಯೋಪತ್ ಹತ್ತಿರ ಕರಕೊಂಡು ಹೋದೆ. ಅವರು ಟೇಬಲ್ ಮೇಲೆ ಮಲಗಿಸಲೇ ಇಲ್ಲ. ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳುತ್ತಾ ಹೋದರು. ಬಿದ್ದಿದ್ದೀರಾ? ಇಲ್ಲ. ಶುಗರ್? ಇಲ್ಲ. ಬಿಪಿ? ಸ್ವಲ್ಪ. ಬೇರೆ ಏನಾದರೂ ಮಾತ್ರೆ ತಗೋತೀರಾ ಅಮ್ಮ?

"ಅಂಥದ್ದೇನಿಲ್ಲ ಡಾಕ್ಟ್ರೇ, ಉಬ್ಬಸಕ್ಕೆ ಯಾವುದೋ ಚಿಕ್ಕ ಮಾತ್ರೆ, ಅಷ್ಟೇ."

ಅವರು ಪೆನ್ನು ಕೆಳಗಿಟ್ಟರು. "ಇದ್ದರೆ ತೋರಿಸ್ತೀರಾ?"

ಅಮ್ಮ ಪರ್ಸು ತೆಗೆದರು. ಕುಂಕುಮದ ಪೊಟ್ಟಣದ ಪಕ್ಕ, ಬಸ್ ಟಿಕೆಟಿನಲ್ಲಿ ಸುತ್ತಿದ ಮಾತ್ರೆ ಶೀಟಿನ ತುಂಡು. ಮೆಡಿಕಲ್ ಶಾಪಿನಲ್ಲಿ ಕತ್ತರಿಯಿಂದ ಕತ್ತರಿಸಿ ಕೊಡುತ್ತಾರಲ್ಲ, ಹಾಗಿತ್ತು. ಹೆಸರಿನ ಅರ್ಧ ಹೋಗಿ, ಅಂಚಿನಲ್ಲಿ "ಸೊಲೋನ್" ಅನ್ನುವಷ್ಟು ಮಾತ್ರ ಉಳಿದಿತ್ತು. ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. ಎಷ್ಟು ದಿನದಿಂದ ಅಂತ ಕೇಳಿದರೆ ಆರೋ ಏಳೋ ವರ್ಷ ಅಂದರು ಅಮ್ಮ. ಉಬ್ಬಸ ಜಾಸ್ತಿಯಾದಾಗೆಲ್ಲ ಹಳೇ ಚೀಟಿ ತೋರಿಸಿ ತಂದುಕೊಳ್ಳುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

"ಇವತ್ತು ನಿಮ್ಮ ಬೆನ್ನಿಗೆ ಕೈ ಹಾಕಲ್ಲ ಅಮ್ಮ" ಅಂದರು ಅವರು. ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡರೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಅಂಥ ಬೆನ್ನನ್ನು ಜೋರಾಗಿ ಒತ್ತಿದರೂ ತಿರುಚಿದರೂ ಮುರಿಯಬಹುದು. ಎಕ್ಸ್‌ರೇ ಮತ್ತು ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂತ ಮೂಳೆ ಡಾಕ್ಟರಿಗೆ ಪತ್ರ ಬರೆದುಕೊಟ್ಟರು. ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಬೇಕು ಅಂತ ಎರಡೆರಡು ಸಲ ಹೇಳಿದರು. ಎಕ್ಸ್‌ರೇಯಲ್ಲಿ ನೋಡಿದರೆ ಬೆನ್ನುಮೂಳೆಯ ಒಂದು ಎಲುಬು ಆಗಲೇ ಕುಸಿದಿತ್ತು.

ಅದಕ್ಕೇ ಹೇಳುತ್ತಿರುವುದು, ಮೊದಲ ಭೇಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಪ್ರಶ್ನೋತ್ತರ. ಸಾಮಾನ್ಯವಾಗಿ ಮೊದಲ ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಅದರಲ್ಲಿ ದೊಡ್ಡ ಭಾಗ ಮಾತುಕತೆಗೇ ಹೋಗಬೇಕು. ಹೋದ ಐದು ನಿಮಿಷಕ್ಕೇ ಬೋರಲು ಮಲಗಿಸಿ ಬೆನ್ನು ಒತ್ತಲು ಶುರು ಮಾಡಿದರೆ ನಾನಾಗಿದ್ದರೆ ಎದ್ದು ಬರುತ್ತೇನೆ. ನಿಮ್ಮ ಕಡೆಯಿಂದಲೂ ಏನನ್ನೂ ಸಣ್ಣದು ಅಂತ ಬಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ, ಹಿಂದೆ ಆದ ಆಪರೇಷನ್, ಸ್ಕೂಟರಿನಿಂದ ಬಿದ್ದದ್ದು, ಕ್ಯಾನ್ಸರ್ ಚಿಕಿತ್ಸೆ, ಕಾರಣವಿಲ್ಲದೆ ತೂಕ ಇಳಿದದ್ದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಗರ್ಭಿಣಿಯಾಗಿರುವುದು, ಎಲ್ಲವನ್ನೂ ಹೇಳಿ. ಮಾತ್ರೆಗಳ ಹೆಸರು ಬಾಯಲ್ಲಿ ಹೇಳಲು ಹೋಗಬೇಡಿ, ಡಬ್ಬಿಯನ್ನೇ ತಗೊಂಡು ಹೋಗಿ.

ಇನ್ನು ಈ ಆಸ್ಟಿಯೋಪತಿ ಅಂದರೆ ಏನು, ಅದನ್ನು ಮಾಡುವವರು ಯಾರು ಅನ್ನುವುದು. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1874ರಲ್ಲಿ ಈ ಪದ್ಧತಿ ಶುರು ಮಾಡಿದರು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಕೈಯಿಂದಲೇ ಕೀಲು, ಸ್ನಾಯುಗಳನ್ನು ಒತ್ತಿ, ಎಳೆದು, ಸಡಿಲಿಸುವುದು ಇದರ ತಿರುಳು. ಇಂದು ಅಮೆರಿಕದಲ್ಲಿ ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್) ಅಂದರೆ ಔಷಧಿ ಬರೆಯುವ, ಆಪರೇಷನ್ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಆಸ್ಟಿಯೋಪತ್ ಅಂದರೆ ಕೈಚಿಕಿತ್ಸೆ ಮಾಡುವವರು. ಅಲ್ಲಿ 1993ರ ಕಾಯ್ದೆಯ ಪ್ರಕಾರ ಅವರದೇ ಕೌನ್ಸಿಲ್ ಇದೆ, ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಆ ಹೆಸರಿಗೆ ಅಂಥ ರಕ್ಷಣೆ ಇಲ್ಲ. ಬೆಂಗಳೂರಿನಲ್ಲಿ ಆಸ್ಟಿಯೋಪತಿ ಮಾಡುವವರಲ್ಲಿ ಬಹಳಷ್ಟು ಜನ ಬಿಪಿಟಿ, ಎಂಪಿಟಿ ಎಂಬ ಫಿಸಿಯೋಥೆರಪಿ ಪದವಿ ಓದಿ, ಆಮೇಲೆ ಇದನ್ನು ಕಲಿತ ಫಿಸಿಯೋಥೆರಪಿಸ್ಟರು. ವಾರಾಂತ್ಯದ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಳ್ಳುವುದನ್ನು ತಡೆಯುವವರೂ ಇಲ್ಲ. ಬೋರ್ಡಿನ ಮೇಲಿನ "ಡಾ." ನೋಡಿ ನಿಶ್ಚಿಂತರಾಗಬೇಡಿ. ಮೂಲ ಪದವಿ ಯಾವುದು, ಎಲ್ಲಿ ಓದಿದಿರಿ, ಆಸ್ಟಿಯೋಪತಿ ಎಷ್ಟು ವರ್ಷ ಕಲಿತಿರಿ ಅಂತ ಫೋನಿನಲ್ಲೇ ಕೇಳಿ. ಚೆನ್ನಾಗಿ ಕಲಿತವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ನನ್ನ ಆಸ್ಟಿಯೋಪತ್ ಖುಷಿಯಿಂದಲೇ ಹೇಳಿದರು.

ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗಿ, ಜೀನ್ಸ್ ಬೇಡ. ಬಗ್ಗಿಸಿ, ತಿರುಗಿಸಿ, ಕಾಲೆತ್ತಿಸಿ, ಮಂಡಿಯ ಕೆಳಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡುತ್ತಾರೆ. ಬೆನ್ನು ನೋಡಲು ಬಟ್ಟೆ ಸರಿಸಬೇಕಾದರೆ ಮೊದಲು ಹೇಳಬೇಕು, ಮೇಲೆ ಹೊದಿಕೆ ಕೊಡಬೇಕು. ಜೊತೆಗೆ ಮನೆಯವರನ್ನು ಒಳಗೆ ಕೂರಿಸಿಕೊಳ್ಳುತ್ತೇನೆ ಅಂದರೆ ಬೇಡ ಅನ್ನುವ ಹಾಗಿಲ್ಲ.

ಕುತ್ತಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಲಟಕ್ಕನೆ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸ ಇದೆ, ಹಾಗಾಗಿ ಆ ಶಬ್ದ ಬಂದರೇನೇ ಚಿಕಿತ್ಸೆ ಆಯಿತು ಅನ್ನುವ ಭಾವನೆ ತುಂಬ ಜನರಲ್ಲಿದೆ. ಅದು ಜರುಗಿದ ಮೂಳೆ ಜಾಗಕ್ಕೆ ಕೂತ ಶಬ್ದವಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಗಾಳಿಗುಳ್ಳೆ ಉಂಟಾಗುವುದರಿಂದ ಬರುವ ಶಬ್ದ. ಬಂದರೂ ಬಾರದಿದ್ದರೂ ಗುಣವಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕುತ್ತಿಗೆಯನ್ನು ವೇಗವಾಗಿ ತಿರುಗಿಸಿದಾಗ, ಬಹಳ ಅಪರೂಪಕ್ಕೆ, ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿ ಸ್ಟ್ರೋಕ್ ಆದದ್ದಿದೆ. ಹಾಗಾಗಿ "ನನ್ನ ಕುತ್ತಿಗೆ ಹಾಗೆ ತಿರುಗಿಸುವುದು ಬೇಡ" ಅಂತ ನಾನು ಮೊದಲ ದಿನವೇ ಹೇಳಿದೆ. ಅವರು ಬರೆದುಕೊಂಡರು, ಬೇರೆ ಮೃದುವಾದ ವಿಧಾನದಲ್ಲಿ ಮಾಡಿದರು. ನಿಮಗಿರುವುದು ಸೊಂಟನೋವು, ಆದರೂ ಕುತ್ತಿಗೆಗೆ ಕೈ ಹಾಕಿದರೆ ಯಾಕೆ ಅಂತ ಕೇಳಿ. ಏನೇ ಮಾಡುವ ಮುಂಚೆಯೂ ಹೇಳಿ, ಒಪ್ಪಿಗೆ ಕೇಳಿ ಮಾಡಬೇಕು. ಮಧ್ಯದಲ್ಲಿ ಸಾಕು ಅಂದರೆ ನಿಲ್ಲಿಸಬೇಕು.

ಮೊದಲ ಸಲ ಮಾಡಿಸಿಕೊಂಡ ಮಾರನೇ ದಿನ ನನಗೆ ಮೈಯೆಲ್ಲ ಉಳುಕಿದ ಹಾಗೆ ನೋವಿತ್ತು, ಏನಾದರೂ ಹೆಚ್ಚುಕಡಿಮೆ ಆಯಿತೇನೋ ಅಂತ ಹೆದರಿದ್ದೆ. ಒಂದೆರಡು ದಿನ ಹಾಗಿರುವುದು ಸಾಮಾನ್ಯ, ತಾನಾಗಿ ಇಳಿಯುತ್ತದೆ. ಕಾಲಿನ ಶಕ್ತಿ ಕುಂದಿದರೆ, ಜೋಮು ಹೆಚ್ಚಾದರೆ, ತಲೆಸುತ್ತು, ಮಾತು ತೊದಲುವುದು, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಮಾತ್ರ ಅದು ಮೈನೋವಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗುಣ ಎಷ್ಟು ಸಿಗುತ್ತದೆ? ಸೊಂಟನೋವಿಗೆ ಸ್ವಲ್ಪ ಮಟ್ಟಿಗೆ ಅನುಕೂಲ ಆಗುತ್ತದೆ ಅನ್ನಲು ಆಧಾರವಿದೆ. ಯಾವ ಚಿಕಿತ್ಸೆ ಕೊಡಬಹುದು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಕೈಚಿಕಿತ್ಸೆಯನ್ನು ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ ಅಂತಿದೆ. ನನ್ನ ವಿಷಯದಲ್ಲೂ ಹಾಗೇ ಆಯಿತು. ಕೈಚಿಕಿತ್ಸೆಯಿಂದ ಬಗ್ಗುವಷ್ಟು ನೋವು ಇಳಿಯಿತು, ಉಳಿದದ್ದು ದಿನಾ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಮಾಡಿದ ಇಪ್ಪತ್ತು ನಿಮಿಷದ ವ್ಯಾಯಾಮದಿಂದ, ಕೌಂಟರಿನಿಂದ ಗಂಟೆಗೊಮ್ಮೆ ಎದ್ದು ಓಡಾಡಿದ್ದರಿಂದ. ಮನೆಗೆ ವ್ಯಾಯಾಮ ಹೇಳಿಕೊಡದೆ ಬರೀ ಬನ್ನಿ ಬನ್ನಿ ಅನ್ನುವವರ ಹತ್ತಿರ ಹೋಗಬೇಡಿ. ಆಸ್ತಮಾ, ಥೈರಾಯ್ಡ್, ಮಕ್ಕಳ ಹೊಟ್ಟೆನೋವು, ಖಿನ್ನತೆ ಎಲ್ಲಕ್ಕೂ ಇದೇ ಮದ್ದು ಅಂದರೆ ನಂಬಬೇಡಿ, ಅದಕ್ಕೆಲ್ಲ ಗಟ್ಟಿಯಾದ ಆಧಾರವಿಲ್ಲ.

ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ದುಡ್ಡು ಕಟ್ಟಬೇಡಿ. ಒಂದೊಂದಕ್ಕೇ ಕೊಡಿ. ಮೂರು ನಾಲ್ಕು ಸಲ ಹೋದರೂ ಏನೂ ಬದಲಾವಣೆ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿರಬೇಡಿ, ಕಂಪನಿಗೆ ಮೊದಲೇ ಕೇಳಿಕೊಳ್ಳಿ.

ಕೊನೆಗೆ ನಿಮ್ಮ ಕಾಲಿನ ಜೋಮು. ಪ್ರಶ್ನೆಯಲ್ಲಿ ಅದನ್ನು ಹೋಗ್ತಾ ಹೋಗ್ತಾ ಹೇಳಿದ ಹಾಗಿದೆ, ನನಗೆ ಅಮ್ಮನ "ಚಿಕ್ಕ ಮಾತ್ರೆ" ನೆನಪಾಯಿತು. ಸೊಂಟದ ನರ ಒತ್ತಿಹೋದಾಗ ಹೆಬ್ಬೆರಳಿನ ಹತ್ತಿರ ಜೋಮು ಬರುತ್ತದೆ. ಶನಿವಾರ ಬಾಗಿಲು ದಾಟಿದ ಕೂಡಲೇ ಮೊದಲು ಅದನ್ನೇ ಹೇಳಿ. ಸಾಧ್ಯವಾದರೆ ಅದಕ್ಕೂ ಮುಂಚೆ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡೇ ಹೋಗಿ. ಈ ನಡುವೆ ಮೂತ್ರ ಬಿಗಿದುಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದೆ ಹೋದರೆ, ಎರಡೂ ಕಾಲು ಸೋತರೆ, ಪಾದ ಮೇಲೆತ್ತಲು ಆಗದಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆಯೂ ನಿಮ್ಮ ಜಯನಗರದ ಕಡೆಯೇ ಇದೆ. ಹೋಗಿ ಬಂದ ಮೇಲೆ ಅವರು ಏನೆಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡುತ್ತಿರುತ್ತೇನೆ.